ನಾನು ಮುಡಿಯದೆ ತಳ್ಳಿದ ಮೊಳ ಹೂವು

ನನ್ನ ಮಗ ನರಸಿಂಹ ಮೂರು ವರ್ಷ ಒಂದನೇ ತರಗತಿಯಲ್ಲೇ ಕೂತಿದ್ದ. ಹೊಳೆನರಸೀಪುರದ ನಮ್ಮ ಬೀದಿಯ ಮಕ್ಕಳೆಲ್ಲ ಅವನನ್ನು ದಾಟಿಕೊಂಡು ಮುಂದೆ ಹೋದರು. ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾದರೆ ಮೇಷ್ಟ್ರು ಹಿಂದಿನ ದಿನವೇ ಮನೆಗೆ ಬಂದು, "ನಾಳೆ ಒಂದಿನ ಇವನನ್ನ ಮನೇಲಿಟ್ಕೊಳ್ಳಿ ತಾಯಿ, ತಪ್ಪು ತಿಳೀಬೇಡಿ" ಎಂದು ಹೇಳಿಹೋಗುತ್ತಿದ್ದರು. ಆ ಒಂದು ದಿನ ನಾನು ಬೀದಿ ಬಾಗಿಲು ತೆಗೆಯುತ್ತಿರಲಿಲ್ಲ.

ಸ್ವಾಮಿಯ ಭಜನೆಗೆ ಬರುವ ಅಕ್ಕತಂಗಿಯರೇ, ನನ್ನ ಮಗನ ವಿಷಯದಲ್ಲಿ ನರಸಿಂಹಸ್ವಾಮಿ ತೋರಿಸಿದ ಕರುಣೆಯನ್ನು ನಾನು ನಿಮ್ಮ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಒಬ್ಬಳ ಹೆಸರು ಬಿಟ್ಟು ಹೇಳಿದ್ದೇನೆ. ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ ಗೌರಮ್ಮ. ಅವಳೂ ನಿಮ್ಮ ನಡುವೆಯೇ ತಾಳ ಹಿಡಿದು ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನವೂ ಬಾಯಿ ಬಿಡಲಿಲ್ಲ. ಹೋದ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಈಗಲಾದರೂ ಪೂರ್ತಿ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ನರಸ ಹುಟ್ಟುವಾಗ ನನಗೆ ಮೂರು ದಿನ ನೋವು. ಮಗು ಬೇಗ ಅಳಲಿಲ್ಲ. ಮೂರು ವರ್ಷಕ್ಕೆ ನಡೆದ, ಐದಕ್ಕೆ ಒಂದೆರಡು ಮಾತು ಬಂತು. ಅವನಿಗಿಂತ ಆರು ತಿಂಗಳಿಗೆ ಚಿಕ್ಕವನು ಗೌರಮ್ಮನ ಮಗ ರಂಗ. ಒಂದೇ ಅಂಗಳದಲ್ಲಿ ಎರಡು ಮಕ್ಕಳೂ ಬೆಳೆದವು. ರಂಗ ಮಗ್ಗಿ ಒಪ್ಪಿಸುವ ದನಿ ಗೋಡೆ ದಾಟಿ ನನ್ನ ಅಡಿಗೆಮನೆಗೆ ಬರುತ್ತಿತ್ತು. ಹದಿಮೂರರ ಮಗ್ಗಿಯನ್ನು ಅವನು ತಡವರಿಸದೆ ಹೇಳಿ ಮುಗಿಸಿದ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಒಮ್ಮೆ ಅವನಿಗೆ ಜ್ವರ ಬಂದು ವಾರ ಮಲಗಿದ. ಆ ವಾರ ಮಗ್ಗಿ ಕೇಳಿಸಲಿಲ್ಲ. ನನ್ನ ಎದೆ ಹಗುರಾಗಿತ್ತು. ದೇವರ ಮುಂದೆ ಇದನ್ನೂ ಒಪ್ಪಿಕೊಳ್ಳುತ್ತೇನೆ.

ಐವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ನರಸನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳಗಿನ ಬಸ್ಸು. ದಾರಿಯುದ್ದಕ್ಕೂ ಅವನು ಕಿಟಕಿಯ ಸರಳು ಹಿಡಿದು ನಗುತ್ತಿದ್ದ. ಡಾಕ್ಟರು ಅವನ ಕಣ್ಣು ನೋಡಿದರು, ಮಂಡಿ ತಟ್ಟಿದರು, ಬೆರಳು ಎಣಿಸಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ಔಷಧಿ ಇಲ್ಲಮ್ಮ. ಬುದ್ಧಿ ನಿಧಾನ. ಕಲಿಸಿದರೆ ಕಲೀತಾನೆ. ಆದರೆ ನಿಮ್ಮ ಅವಸರಕ್ಕೆ ಕಲಿಯೋದಿಲ್ಲ" ಎಂದರು.

ಬಸ್ಸಿಳಿದವಳು ಮನೆಗೆ ಹೋಗದೆ ನೇರವಾಗಿ ದೇವಸ್ಥಾನಕ್ಕೆ ಹೋದೆ. ಸ್ವಾಮಿಯ ಮುಂದೆ ನಿಂತು, ಈ ಮಗು ಸ್ಲೇಟಿನ ಮೇಲೆ ತನ್ನ ಹೆಸರು ಬರೆಯುವ ತನಕ ತಲೆಗೆ ಹೂವು ಮುಡಿಯುವುದಿಲ್ಲ ಎಂದು ಹರಕೆ ಹೊತ್ತೆ.

ನಮ್ಮ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಪ್ರತಿ ಶನಿವಾರ ಸ್ವಾಮಿಗೆ ನಮ್ಮ ಮನೆಯಿಂದ ಒಂದು ಮಾರು ಹಾರ ಹೋಗಬೇಕು. ಹಿಂದಿನಿಂದ ನಡೆದುಬಂದದ್ದು. ಹಾರ ಕಟ್ಟಿ ಮಿಕ್ಕಿದ ಹೂವನ್ನು ಮನೆಯ ಮುತ್ತೈದೆಯರು ಮುಡಿಯಬೇಕು. ಮೊದಲ ಶನಿವಾರವೇ ನನ್ನ ಅತ್ತೆ ಹಿಡಿದುಕೊಂಡರು.

"ಮುತ್ತೈದೆ ಎಂಗ್ಸು ಬೋಳು ತುರುಬಲ್ಲಿ ಓಡಾಡ್ತೀಯಲ್ಲೇ, ನನ್ ಮಗನ ಆಯಸ್ಸು ನಿಂಗೆ ಬ್ಯಾಡ್ವಾ?"

"ನಿಮ್ ಮೊಮ್ಮಗನ್ ಸಲುವಾಗೇ ಕಣತ್ತೆ."

"ಅವ್ನು ಬರದು ಯಾವ ಅಮಲ್ದಾರಿಕೆ ಮಾಡ್ಬೇಕು? ನೀನು ಊ ಮುಡೀದೆ ಇದ್ರೆ ಅವ್ನಿಗೆ ಅಕ್ಷರ ಬಂದ್ಬುಡ್ತದಾ?"

ಹಾರ ಕಟ್ಟುತ್ತಿದ್ದವಳು ಗೌರಮ್ಮ. ನನ್ನ ಪಾಲಿನ ಹೂವೂ ಅವಳ ತಲೆಗೇ ಹೋಗತೊಡಗಿತು. ಅವಳ ತುರುಬು ತುಂಬಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಮಗನೂ ಅವಳಿಗೆ, ಹೂವೂ ಅವಳಿಗೆ.

ನಾನು ದಿನಾ ಸಂಜೆ ನರಸನನ್ನು ಸ್ಲೇಟಿನ ಮುಂದೆ ಕೂರಿಸಿದೆ. 'ನ' ಒಂದು ಅಕ್ಷರ. ಕೈ ಹಿಡಿದು ತಿದ್ದಿಸಿದೆ, ಬೈದೆ, ಹೊಡೆಯಲು ಹುಣಸೆ ಬರಲು ಇಟ್ಟುಕೊಂಡೆ. ನಾಲ್ಕು ತಿಂಗಳಾದ ಮೇಲೆ ಸ್ಲೇಟು ಕಂಡರೇ ಚಡ್ಡಿ ಒದ್ದೆ ಮಾಡಿಕೊಳ್ಳುವಂತಾದ. ಸಂಜೆಯಾದರೆ ಸಾಕು, ಗೌರಮ್ಮನ ಕಡೆಯ ಜಗಲಿಗೆ ಓಡಿಹೋಗಿ ಅವಳ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದ.

ಒಂದು ಶುಕ್ರವಾರ ಅವನನ್ನು ಎಳೆದುಕೊಂಡು ಬರಲು ಹೋದವಳು ಬಾಗಿಲಲ್ಲೇ ನಿಂತೆ. ಗೌರಮ್ಮನ ಮುಂದೆ ಕನಕಾಂಬರದ ಕುಕ್ಕೆ. ಬಾಳೆನಾರಿನ ಒಂದು ತುದಿ ಅವಳ ಕಾಲ ಹೆಬ್ಬೆರಳಲ್ಲಿ, ಇನ್ನೊಂದು ತುದಿ ನನ್ನ ಮಗನ ಕೈಯಲ್ಲಿ.

"ಅಂಗಲ್ಲ ಕಣಪ್ಪ, ಇಂಗೆ. ಎಲ್ಡು ಈ ಕಡೀಕೆ. ಎಲ್ಡು ಆ ಕಡೀಕೆ. ಆಮ್ಯಾಕೆ ಅದ್ರ ಕುತ್ಗೆ ಸುತ್ತು. ಬಿಗೀಬ್ಯಾಡ, ಊವಿಗೆ ನೋಯ್ತದೆ."

"ಎಲ್ಡು" ಎಂದ ನನ್ನ ಮಗ. ಮತ್ತೆ, "ಎಲ್ಡು" ಎಂದ. ನಾಲ್ಕು ತಿಂಗಳು ನನ್ನ ಬರಲಿಗೆ ಬಾಯಿ ಬಿಡದವನು ಅವಳಿಗೆ ಎಣಿಸಿ ಹೇಳುತ್ತಿದ್ದ. ಸಂತೋಷಪಡಬೇಕಾದ ತಾಯಿ ನಾನು. ನನಗೆ ಮೈ ಉರಿಯಿತು.

"ಹೂ ಕಟ್ಟೋದು ಹೆಂಗಸರ ಕೆಲಸ. ನಿನ್ನ ಮಗ ಪುಸ್ತಕ ಓದಲಿ, ನನ್ನ ಮಗ ಹೂ ಕಟ್ಟಲಿ, ಅಲ್ವಾ?" ಎಂದೆ.

ಗೌರಮ್ಮ ತಲೆಯೆತ್ತಿ, "ಯಾಕಕ್ಕ ಇಂಗಂತೀಯ? ತಾನಾಗೇ ಬಂದು ಕುಂತ್ಕಂಡ, ಕೈಗೆ ಕೊಟ್ಟೆ" ಎಂದಳು. ನಾನು ಮಗನ ರಟ್ಟೆ ಹಿಡಿದು ಎಬ್ಬಿಸಿದೆ.

ಆದರೂ ಅವನು ಹೋಗುವುದು ನಿಲ್ಲಲಿಲ್ಲ. ಅರವತ್ತನೆಯ ಇಸವಿಯ ಸಂಕ್ರಾಂತಿ ಕಳೆದ ಶನಿವಾರ, ನಾನು ರಾಗಿ ಬೀಸುತ್ತಿದ್ದಾಗ ಹಿಂದಿನಿಂದ ಬಂದ. ಕೈಯಲ್ಲಿ ಒಂದು ಮೊಳ ಕನಕಾಂಬರ. ಕೆಲವು ಕಡೆ ಒತ್ತಾಗಿ, ಕೆಲವು ಕಡೆ ನಾರೇ ಕಾಣುವಂತೆ ಕಟ್ಟಿದ್ದ. "ಅವ್ವ, ಮುಡಿ" ಎಂದ.

ಎರಡು ಮಾತು ಸೇರಿಸಿ ಅವನು ನನ್ನೊಡನೆ ಆಡಿದ್ದು ಅದೇ ಮೊದಲು. ನಾನು ಅವನ ಕೈ ತಳ್ಳಿದೆ. "ಹರಕೆ ಐತೆ, ಬೇಡ" ಎಂದೆ. ಹರಕೆ ಇದ್ದದ್ದು ನಿಜ. ಆದರೆ ನಾನು ತಳ್ಳಿದ್ದು ಹರಕೆಗಲ್ಲ. ಆ ಹೂವಿನಲ್ಲಿ ನನಗೆ ಗೌರಮ್ಮನ ಕೈ ಕಂಡಿತ್ತು. ಅವನಿಗೆ ಹರಕೆ ಎಂದರೇನು ಗೊತ್ತು? ಹೂವು ಹಿಡಿದುಕೊಂಡೇ ಹೊರಟುಹೋದ. ಸಂಜೆ ನೋಡಿದರೆ ಆ ಮೊಳ ಹೂವು ಗೌರಮ್ಮನ ತುರುಬಿನಲ್ಲಿತ್ತು. ಅಂದಿನಿಂದ ಅವನು ನನ್ನನ್ನು ಅವ್ವ ಎಂದು ಕರೆಯುವುದನ್ನೇ ಬಿಟ್ಟ.

ಅವಳಿಂದ ಬಿಡಿಸಬೇಕೆಂದು ಅವನನ್ನು ಚನ್ನರಾಯಪಟ್ಟಣದ ನನ್ನ ತವರಿಗೆ ಕರೆದುಕೊಂಡು ಹೋದೆ. ಅಲ್ಲಿ ಊಟ ಬಿಟ್ಟ, ಮಾತು ಬಿಟ್ಟ, ಬಾಗಿಲ ಕಡೆಯೇ ನೋಡುತ್ತ ಕೂತ. ಎಂಟನೆಯ ದಿನ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಮಗು ಇಲ್ಲ.

ಕೆರೆ ಏರಿಯ ಮೇಲೆ ಓಡಿದೆ. ನೀರು ನೋಡಿದೆ. ಸಂತೆ ಮಾಳದಲ್ಲಿ ಕೂಗಿದೆ. ಕೂಗಿದರೆ ಅವನು ಓಗೊಡುವವನಲ್ಲ. ಹೆಸರು ಕೇಳಿದರೆ ಹೇಳುವವನಲ್ಲ, ಊರು ಕೇಳಿದರೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಶ್ರವಣಬೆಳಗೊಳದ ಬಸ್ಸು ಹೊರಟಿತ್ತು, ಹತ್ತಿ ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದೆ. ಹಾಸನದ ಬಸ್ಸು ಆಗಲೇ ಹೋಗಿಬಿಟ್ಟಿತ್ತು. ಅಲ್ಲಿಯೇ ಕಂಬ ಹಿಡಿದು ನಿಂತೆ. 'ಸ್ವಾಮಿ, ಬರೆಯುವುದು ಬೇಡ. ಏನೂ ಕಲಿಯದಿದ್ದರೂ ಸರಿ. ಗೌರಮ್ಮನ ಮಗನಾಗಿಯೇ ಇರಲಿ. ಬದುಕಿದ್ದರೆ ಸಾಕು' ಎಂದೆ. ಅವಳಿಗೆ ಬಿಟ್ಟುಕೊಡುತ್ತೇನೆ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಆಗಲೇ.

ಕಣ್ಣೊರೆಸಿಕೊಂಡು ತಿರುಗಿದರೆ ಎದುರಿಗೆ ಹೂವು ಮಾರುವವರ ಸಾಲು. ಕೊನೆಯಲ್ಲಿ ಒಬ್ಬ ಮುದುಕಿ. ಅವಳ ಪಕ್ಕದಲ್ಲಿ ಕಾಲು ನೀಡಿ, ಹೆಬ್ಬೆರಳಿಗೆ ನಾರು ಸಿಕ್ಕಿಸಿಕೊಂಡು ಕೂತಿದ್ದ ನನ್ನ ಮಗ.

"ನಿನ್ ಮಗನೇನವ್ವಾ?" ಎಂದಳು ಮುದುಕಿ. "ಒತ್ತಾರೆ ಬಂದು ಕುಂತ್ಕಂಡ. ಎಸ್ರು ಕೇಳುದ್ರೆ ನಗ್ತಾನೆ. ಅಳ್ದಂಗಿರ್ಲಿ ಅಂತ ನಾರು ಕೊಟ್ಟೆ. ನೋಡಿಲ್ಲಿ, ಅರ್ಧ ಕುಕ್ಕೆ ಕಟ್ಟವ್ನೆ. ನನ್ ಸೊಸೆಗಿಂತ ವಾಸಿ ಕಣವ್ವ, ಎದುರು ಮಾತಾಡಾಕಿಲ್ಲ."

ನಾನು ಓಡಿಹೋಗಿ ಅವನ ಮುಂದೆ ನಿಂತೆ. ಮುದುಕಿ ಅವನ ತೊಡೆಯ ಕೆಳಗೆ ಬೆರಳು ತೋರಿಸಿ, "ಇದೊಂದು ಮೊಳ ಮಾತ್ರ ಯಾರಿಗೂ ಮಾರಾಕೆ ಬುಡಾಕಿಲ್ಲ. ಯಾರಿಗ್ಲಾ ಅಂದ್ರೆ, ಅವ್ವಂಗೆ ಅಂತಾನೆ" ಎಂದಳು.

ಅವನು ಅದನ್ನು ತೆಗೆದು ನನ್ನ ಕಡೆ ನೀಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ, ಮತ್ತೆ ತಳ್ಳುತ್ತೇನೇನೋ ಎಂದು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅವನಿಗೆ ಬೆನ್ನು ಮಾಡಿ ತಲೆ ಬಗ್ಗಿಸಿದೆ. "ಮುಡಿಸಪ್ಪ" ಎಂದೆ. ಒಂಬತ್ತು ತಿಂಗಳ ಮೇಲೆ ನನ್ನ ತಲೆಗೆ ಹೂವು ಬಂತು. ಅವನು ಸಿಕ್ಕಿಸಿದ್ದು ಓರೆಯಾಗಿ ಕಿವಿಯ ಮೇಲೆ ಜೋತಾಡುತ್ತಿತ್ತು. ಹಾಗೆಯೇ ಬಸ್ಸು ಹತ್ತಿದೆ.

ಹರಕೆ ಮುರಿದಿದ್ದೆನಲ್ಲ, ತಪ್ಪುಕಾಣಿಕೆ ಹಿಡಿದು ದೇವಸ್ಥಾನಕ್ಕೆ ಹೋದೆ. ಅರ್ಚಕರು ನಡೆದದ್ದನ್ನೆಲ್ಲ ಕೇಳಿ, "ಶನಿವಾರದ ಹಾರ ಇನ್ಮೇಲೆ ಇವನ ಕೈಯಿಂದ ಬರಲಿ" ಎಂದರಷ್ಟೆ. ಅಂದಿನಿಂದ ಹಾಗೆಯೇ ನಡೆದಿದೆ. ನರಸ ಇಂದಿಗೂ ತನ್ನ ಹೆಸರು ಬರೆಯಲಾರ. ಆದರೆ ತಾನೇ ಸ್ನಾನ ಮಾಡುತ್ತಾನೆ, ತೋಟದಿಂದ ಹೂವು ಬಿಡಿಸಿ ತರುತ್ತಾನೆ, ಮಾರು ಹಾರ ಕಟ್ಟಿ ಸನ್ನಿಧಿಗೆ ಒಬ್ಬನೇ ಹೋಗಿಬರುತ್ತಾನೆ. ಅದೆಲ್ಲ ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು, ಆ ದಿನ ಚನ್ನರಾಯಪಟ್ಟಣದಿಂದ ಊರಿಗೆ ಬಂದಿಳಿದಾಗ ಅವನು ನನ್ನ ಕೈ ಬಿಡಿಸಿಕೊಂಡು "ಚಿಕ್ಕವ್ವಾ" ಎಂದು ಕೂಗುತ್ತ ಓಡಿದ್ದು. ಬಿಟ್ಟುಕೊಡುತ್ತೇನೆ ಎಂದವಳಿಗೆ ಅರ್ಧ ದಿನದಲ್ಲೇ ಹೊಟ್ಟೆಕಿಚ್ಚು ತಿರುಗಿ ಬಂತು. ಅದಕ್ಕೇ ಭಜನೆಯಲ್ಲಿ 'ಸ್ವಾಮಿಯೇ ಕಲಿಸಿದ' ಎಂದು ಹೇಳಿದೆ. ಎಂಟು ವರ್ಷ ಹಾಗೆಯೇ ಹೇಳಿದೆ.

ಗೌರಮ್ಮ ಕೊನೆಗೆ ಹಾಸನದ ಆಸ್ಪತ್ರೆಯಲ್ಲಿದ್ದಾಗ ನಾನು ಹದಿನೈದು ದಿನ ಜೊತೆಗಿದ್ದೆ. ರಂಗ ಆಗ ಕಾಲೇಜಿನಲ್ಲಿದ್ದ, ಪರೀಕ್ಷೆ ಎಂದು ಒಂದೇ ಸಲ ಬಂದು ಹೋದ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ತಡೆಯಲಾರದೆ, "ನಿನ್ನ ಮೇಲೆ ನಂಗೆ ಬಲೇ ಹೊಟ್ಟೆಕಿಚ್ಚಿತ್ತು ಕಣೇ ಗೌರಿ" ಎಂದೆ.

ಅವಳು ನಕ್ಕುಬಿಟ್ಟಳು. "ಗೊತ್ತು ಬುಡಕ್ಕ. ನಂಗೇನು ಇರ್ನಿಲ್ವಾ? ನಮ್ಮೋರು ಕೋಳಿ ಕೂಗೋಕ್ ಮುಂಚೆ ರಂಗನ್ನ ಎಬ್ಸಿ ಓದೋಕೆ ಕೂರ್ಸೋರು. ಪರೀಕ್ಷೆ ದಿನ ಮಗ ಉಂಡಿದ್ದೆಲ್ಲ ವಾಂತಿ ಮಾಡ್ಕಳೋದು. ಒಂದ್ ದಿನ ನಗ್ತಾ ಎದ್ದೋನಲ್ಲ. ನಿನ್ ಮಗ ಎದ್ದೇಳ್ತಲೇ ನಗ್ತಾನೆ. ಅದ್ ನೋಡೋಕೇ ಅವನ್ನ ಕರ್ದು ಕೂರಿಸ್ಕೋತಿದ್ದೆ."

ರಂಗನ ಮಗ್ಗಿ ಅಷ್ಟು ವರ್ಷ ನನ್ನ ಕಿವಿಗೆ ಬಿದ್ದಿತ್ತು. ಅದು ಹೆದರಿದ ಮಗುವಿನ ದನಿ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಅವಳು ಹೋದ ಮೇಲೆ ನರಸ ನಾರು ಮುಟ್ಟಲಿಲ್ಲ. ಸೂತಕ ಕಳೆಯಿತು. ಎರಡು ಶನಿವಾರ ನಮ್ಮ ಮನೆಯಿಂದ ಸ್ವಾಮಿಗೆ ಹಾರ ಹೋಗಲಿಲ್ಲ. ಹದಿನೆಂಟು ವರ್ಷದ ಮಗ ಅವಳ ಜಗಲಿಯ ಮೇಲೆ ಕುಕ್ಕೆ ನೋಡುತ್ತ ಕೂತಿರುತ್ತಿದ್ದ. ಮೂರನೆಯ ಶುಕ್ರವಾರ ನಾನೇ ಕುಕ್ಕೆ ತುಂಬ ಹೂವು ಬಿಡಿಸಿ ತಂದು, ಅವಳ ಜಾಗದಲ್ಲಿ ಕೂತು, ಹೆಬ್ಬೆರಳಿಗೆ ನಾರು ಸಿಕ್ಕಿಸಿದೆ. ನನಗೆ ಎಂದೂ ಚೆನ್ನಾಗಿ ಕಟ್ಟಲು ಬಂದಿಲ್ಲ. ಒಂದು ಗೇಣು ಕಟ್ಟುವಷ್ಟರಲ್ಲಿ ಹೂವೆಲ್ಲ ಜಾರಿ ಮಡಿಲಿಗೆ ಬಿತ್ತು.

ಅವನು ಹತ್ತಿರ ಸರಿದ. ನನ್ನ ಬೆರಳುಗಳನ್ನು ಹಿಡಿದು ಬಿಡಿಸಿ ಇಟ್ಟ.

"ಅಂಗಲ್ಲ ಅವ್ವ, ಇಂಗೆ. ಎಲ್ಡು ಈ ಕಡೀಕೆ. ಬಿಗೀಬ್ಯಾಡ, ಊವಿಗೆ ನೋಯ್ತದೆ."

ಅದು ಅವಳ ಮಾತು, ಅವಳದೇ ರಾಗ. ನನಗೆ ಆಗಲೂ ಒಂದಿಷ್ಟು ಹೊಟ್ಟೆಕಿಚ್ಚಾಯಿತು. ಆದರೆ ಕೈ ಎಳೆದುಕೊಳ್ಳಲಿಲ್ಲ. ಅವನು ಹೇಳಿದಂತೆ ಎರಡು ಹೂವು ಇಟ್ಟೆ.

ಮಾರನೆಯ ದಿನ ಸ್ವಾಮಿಯ ಕೊರಳಿಗೆ ಹೋದ ಹಾರದಲ್ಲಿ ಒಂದು ಮೊಳ ಸಡಿಲವಾಗಿತ್ತು, ನೀವೂ ನೋಡಿರಬಹುದು. ಆ ಮೊಳ ನಾನು ಕಟ್ಟಿದ್ದು. ಉಳಿದದ್ದು ನನ್ನ ಮಗ ಕಟ್ಟಿದ್ದು. ಅವನಿಗೆ ಕಲಿಸಿದವಳು ಗೌರಮ್ಮ. ನಾನು ಬೇಡಿದ್ದನ್ನು ಸ್ವಾಮಿ ಅವಳ ಕೈಗೆ ಕೊಟ್ಟು ನನಗೆ ತಲುಪಿಸಿದ. ಅವನ ಪಾದಕ್ಕೆ ನಮಸ್ಕಾರ. ಇನ್ನು ಮುಂದೆ ಭಜನೆಯಲ್ಲಿ ಈ ಕತೆ ಹೇಳುವಾಗ ನಾನು ಅವಳ ಹೆಸರು ಬಿಟ್ಟರೆ, ಅಕ್ಕತಂಗಿಯರೇ, ನೀವು ನಡುವೆಯೇ ತಡೆದು ಕೇಳಿ.