ರಬ್ಬರ್ ಮೀನಿನ ಬಾಲ

ಸೋಮಂದೇಪಲ್ಲಿಯ ಬೀದಿಗಳಲ್ಲಿ ಓಬುಳಪತಿಯ ಕೂಗು ಕೇಳದ ಹೆಂಗಸರಿರಲಿಲ್ಲ. “ಬಿಂದೆಲು ಅತಿಕಿಸ್ತಾಂ, ಬಕೆಟ್ಲು ಅತಿಕಿಸ್ತಾಂ” ಎಂದು ತೆಲುಗಿನಲ್ಲಿ ಒಮ್ಮೆ, “ಬಿಂದಿಗೆ ಬೆಸೀತೀನಮ್ಮೋ” ಎಂದು ಕನ್ನಡದಲ್ಲಿ ಒಮ್ಮೆ. ಸೈಕಲ್ ಕ್ಯಾರಿಯರ್ ಮೇಲೆ ಸಣ್ಣ ಇದ್ದಿಲೊಲೆ, ಅದರೊಳಗೆ ಕಾಯುವ ಕಬ್ಬಿಣದ ಪಟ್ಟಿ, ಚೀಲದಲ್ಲಿ ಹಳೇ ಪ್ಲಾಸ್ಟಿಕ್ ಚೂರುಗಳು. ತೂತುಬಿದ್ದ ಬಿಂದಿಗೆಗೆ ಚೂರು ಕರಗಿಸಿ ಮೆತ್ತುವುದು ಅವನ ಕಸುಬು.

ಹಗಲೆಲ್ಲ ಮಾತೇ ಮಾತು. ಆದರೆ ಎಲ್ಲವೂ ಬಿಂದಿಗೆಯ ಮಾತು. ಸಂಜೆ ಹಿಂದೂಪುರದ ಬಾಡಿಗೆ ಕೋಣೆಯ ಬೀಗ ತೆಗೆದರೆ ಊಟವಾಯಿತೇ ಎನ್ನುವ ಒಂದು ನರಪಿಳ್ಳೆ ಇಲ್ಲ. ಹೆಂಡತಿ ನಾಗಕ್ಕ ತೀರಿಹೋಗಿ ವರ್ಷಗಳೇ ಆಗಿದ್ದವು, ಮಕ್ಕಳಿರಲಿಲ್ಲ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜು ಮಾತ್ರ ಇನ್ನೂ ಅವನ ಕೈಗೆ ಹತ್ತಿರಲಿಲ್ಲ. ದಿನಾ ಅನ್ನ ಮಿಗುತ್ತಿತ್ತು, ಬೀದಿ ನಾಯಿ ದುಂಡಗಾಗಿತ್ತು.

ಭಾನುವಾರ ಗಾಳ ಹಿಡಿದು ಊರಾಚೆಯ ಕೆರೆಗೆ ಹೋಗುತ್ತಿದ್ದ. ಮೀನಿನಾಸೆಗಿಂತ ಹೆಚ್ಚಾಗಿ, ಗಾಳ ಕೈಲಿದ್ದರೆ ಒಂಟಿಯಾಗಿ ಕೂತವನನ್ನು ಯಾಕೆ ಕೂತೆ ಎಂದು ಯಾರೂ ಕೇಳುವುದಿಲ್ಲವೆಂಬುದಕ್ಕೆ. ಅಲ್ಲಿಯೇ ಪಾಪಯ್ಯ ಸಿಕ್ಕಿದ್ದು. ಯಾವುದೋ ಸರ್ಕಾರಿ ಕಚೇರಿಯ ಅಟೆಂಡರ್, ವರ್ಗವಾಗಿ ಬಂದವನು. ಊರೆಲ್ಲ ಗಾಳಕ್ಕೆ ಕಪ್ಪೆ ಕಟ್ಟಿ ಕೊರಮೀನು ಹಿಡಿಯುತ್ತಿದ್ದರೆ ಇವನ ಗಾಳದಲ್ಲಿ ಮೆತ್ತನೆಯ ರಬ್ಬರ್ ಮೀನು. ದುಬೈಯಲ್ಲಿದ್ದ ಭಾವಮೈದ ಕೊಟ್ಟ ಪೊಟ್ಟಣವಂತೆ. ಕೊರಮೀನಿನ ಹಲ್ಲಿಗೆ ಒಂದೊಂದರ ಬಾಲವೂ ಕಿತ್ತುಹೋಗುತ್ತಿತ್ತು.

“ಅಣ್ಣಾ, ಬಿಂದಿಗೆ ಬೆಸೆಯೋನು ನೀನು. ಇದನ್ನ ಬೆಸೆಯಕಾಯ್ತದಾ?” ಎಂದು ಪಾಪಯ್ಯ ಕೇಳಿದ.

“ತತ್ತಾ, ನೋಡಾನ. ಬಿಂದಿಗೆಗೂ ಮೀನಿಗೂ ಏನ್ ಮಹಾ ವ್ಯತ್ಯಾಸ.”

ವ್ಯತ್ಯಾಸವಿತ್ತು. ಸೈಕಲ್ಲಿನ ಒಲೆ ಹೊತ್ತಿಸಿ, ಬಿಂದಿಗೆ ಬೆಸೆಯುವ ಪಟ್ಟಿ ಕಾಯಿಸಿ ತಾಗಿಸಿದ್ದೇ ತಡ, ಮೀನಿನ ಅರ್ಧ ಮೈ ತುಪ್ಪದ ಹಾಗೆ ಕರಗಿ ಗಬ್ಬು ಹೊಗೆ ಎದ್ದಿತು. ಪಾಪಯ್ಯ ಬಿದ್ದು ಬಿದ್ದು ನಕ್ಕ. ಮುಂದಿನ ವಾರ ಓಬುಳಪತಿ ಗೋಣಿ ಹೊಲಿಯುವ ದಬ್ಬಳ ತಂದ. ದಬ್ಬಳವನ್ನು ಹದವಾಗಿ ಕಾಯಿಸಿ, ಮೈಗೂ ಬಾಲಕ್ಕೂ ನಡುವೆ ಹಿಡಿದು, ಎರಡೂ ಅಂಚು ಬೆವೆತ ಕೂಡಲೇ ಸರಕ್ಕನೆ ಎಳೆದು, ಒತ್ತಿ ನೀರಿಗದ್ದಿದ. ಬಾಲ ಹುಟ್ಟಿನಿಂದಲೇ ಅಲ್ಲಿದ್ದಂತೆ ಕೂತಿತು. ಪಾಪಯ್ಯ ರಬ್ಬರ್ ಮೀನುಗಳನ್ನೆಲ್ಲ ತನ್ನ ಪ್ಲಾಸ್ಟಿಕ್ ಊಟದ ಡಬ್ಬಿಗೆ ತುಂಬಿ ಬಿಸಿಲಿನಲ್ಲಿಡುತ್ತಿದ್ದ, ಅವು ಡಬ್ಬಿಗೇ ಅಂಟಿ ಕರಗುತ್ತಿದ್ದವು. “ಬಂದ ಕವರಲ್ಲೇ ಇಡಪ್ಪ, ನೆಳ್ಳಲ್ಲಿಡು. ನಿನ್ ಊಟದ ಡಬ್ಬಿ ಕೆಟ್ಟೋಯ್ತದೆ” ಎಂದು ಓಬುಳಪತಿ ಗದರಿದ. ಯಾರನ್ನಾದರೂ ಗದರಿ ಎಷ್ಟು ಕಾಲವಾಗಿತ್ತೋ. ಆ ಸಂಜೆ ಅವನಿಗೆ ಎರಡು ಮುದ್ದೆ ಸೇರಿತು.

ಪ್ರತಿ ಭಾನುವಾರ ಪಾಪಯ್ಯ ಬಾಲ ಕಿತ್ತ ಮೀನು ತರುವನು, ಓಬುಳಪತಿ ಬೆಸೆಯುವನು, ಬೀಡಿ ಹಚ್ಚಿ ಇಬ್ಬರೂ ಕತ್ತಲಾಗುವವರೆಗೆ ಕೂರುವರು. ಮನೆಮಠದ ಮಾತನ್ನು ಅವನು ಎತ್ತಲಿಲ್ಲ, ಇವನೂ ಕೆದಕಲಿಲ್ಲ. ಆದರೆ ಕೈ ಪಳಗಿದಂತೆ ಬೆಸುಗೆ ಗಟ್ಟಿಯಾಗುತ್ತಾ ಬಂತು. ಬಾಲ ಕಿತ್ತುಹೋಗುವುದು ಕಡಿಮೆಯಾಯಿತು, ಪಾಪಯ್ಯ ಬರುವುದೂ ಕಡಿಮೆಯಾಯಿತು. ಒಂದು ಭಾನುವಾರ ಕೆರೆ ಏರಿಯ ಮೇಲೆ ಒಬ್ಬನೇ ಕೂತು ಓಬುಳಪತಿ ತನ್ನ ಕೈಯನ್ನೇ ಬೈದುಕೊಂಡ. ಮುಂದೆ ಸಿಕ್ಕ ಮೀನಿಗೆ ಬೇಕೆಂದೇ ಅರೆಬರೆ ಬೆಸುಗೆ ಹಾಕಿದ. ಜನ್ಮದಲ್ಲಿ ಯಾವ ಬಿಂದಿಗೆಗೂ ಹಾಗೆ ಮಾಡಿದವನಲ್ಲ.

ಉಪಾಯ ಫಲಿಸಿತು. ಮರುವಾರವೇ ಪಾಪಯ್ಯ ಆ ಮೀನನ್ನು ಕವರಿನಲ್ಲಿ ಸುತ್ತಿ ತಂದು, “ಮತ್ತೆ ಕಿತ್ತೋಯ್ತು ಕಣಣ್ಣಾ. ಇವತ್ತು ಅವಸರ. ಸರಿಮಾಡಿ ಮಡಗಿರು, ಬರೋ ವಾರ ಬತ್ತೀನಿ” ಎಂದು ಹೊರಟುಹೋದ. ಓಬುಳಪತಿ ಒಳಗೊಳಗೇ ಹಿಗ್ಗಿ, ಅವನನ್ನು ಎದುರಿಗೆ ಕೂರಿಸಿಕೊಂಡೇ ಬೆಸೆಯೋಣವೆಂದು ಕವರು ಬಿಚ್ಚದೆ ಕೋಣೆಯ ಗೂಡಿನಲ್ಲಿಟ್ಟ.

ಬರೋ ವಾರ ಪಾಪಯ್ಯ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಅವನ ಕೋಣೆ ಹುಡುಕಿಕೊಂಡು ಹೋದರೆ ಮನೆಯೊಡತಿ ರಂಗಲಕ್ಷ್ಮಮ್ಮ ಬಾಗಿಲಲ್ಲೇ ಹೇಳಿದಳು: “ಕಲ್ಯಾಣದುರ್ಗಕ್ಕೆ ವರ್ಗ ಆಗೋಯ್ತು ಕಣಪ್ಪ. ಆರ್ಡರ್ ಬಂತು, ಹೊಂಟ್ಬುಟ್ಟ.”

ಕೋಣೆಗೆ ಬಂದು ಓಬುಳಪತಿ ಕವರು ಬಿಚ್ಚಿದ. ಬಿಚ್ಚಿದವನು ದೀಪದ ಹತ್ತಿರ ಹಿಡಿದು ನೋಡಿದ. ಅವನ ಅರೆಬರೆ ಬೆಸುಗೆ ಹಾಗೇ ಇತ್ತು! ಬಾಲ ತುಂಡಾಗಿದ್ದು ಅದಕ್ಕಿಂತ ಒಂದು ಬೆರಳು ಮೇಲೆ, ಗೆರೆ ಎಳೆದಂತೆ ನೆಟ್ಟಗೆ. ಕೊರಮೀನು ಎಲ್ಲಾದರೂ ಬ್ಲೇಡು ಹಿಡಿಯುತ್ತದೆಯೇ? ಓಬುಳಪತಿಗೆ ನಗು ಬಂತು. ಅಯ್ಯೋ ಪಾಪಿ, ಸುಮ್ಮನೆ ಬಂದು ಕೂತಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ ಎಂದು ಖಾಲಿ ಕೋಣೆಗೆ ಕೇಳುವಂತೆ ಗಟ್ಟಿಯಾಗಿಯೇ ಅಂದ. ದಬ್ಬಳ ಕಾಯಿಸಿ ಹಳೇ ಬೆಸುಗೆ, ಹೊಸ ಕೊಯ್ತ ಎರಡೂ ಕಡೆ ಬೆಸೆದ. ಈ ಸಲ ಕಳ್ಳಾಟವಿರಲಿಲ್ಲ.

ಬಸ್ಸು ಬದಲಿಸಿ ಕಲ್ಯಾಣದುರ್ಗ ತಲುಪಿದಾಗ ಮಧ್ಯಾಹ್ನ. ವಿಚಾರಿಸಿಕೊಂಡು ಕಚೇರಿ ಹುಡುಕಿದರೆ ಪಾಪಯ್ಯ ಮೆಟ್ಟಿಲ ಮೇಲೆ ಒಬ್ಬನೇ ಕೂತು ಊಟದ ಡಬ್ಬಿ ಮುಚ್ಚುತ್ತಿದ್ದ. ಅರ್ಧ ಅನ್ನ ಅದರಲ್ಲೇ ಇತ್ತು. ಇವನನ್ನು ಕಂಡವನೇ ಗಡಬಡಿಸಿ ಎದ್ದ.

“ಹೇಳದೆ ಬಂದ್ಬುಟ್ಟೆ ಕಣಣ್ಣಾ. ಹೇಳಕ್ಕೆ ಬಾಯಿ ಬರಲಿಲ್ಲ.”

“ಇರ್ಲಿ ಬಿಡು. ನಿನ್ ಮೀನು ತಂದಿವ್ನಿ.”

“ಮೀನ್ ತಕಂಡು ಏನ್ಮಾಡ್ಲಿ? ಇಲ್ಲಿ ಕೆರೆಯಾಗೆ ಹುಡುಗ್ರು ಕ್ರಿಕೆಟ್ ಆಡ್ತಾವ್ರೆ.”

ಓಬುಳಪತಿಯ ಮುಖ ಸಣ್ಣಗಾಯಿತು. ಇಷ್ಟು ದೂರ ಬಂದದ್ದಕ್ಕೆ ಇದ್ದ ನೆಪ ಅದೊಂದೇ. ಪಾಪಯ್ಯ ಮೀನನ್ನು ತಿರುಗಿಸಿ ನೋಡಿದ, ಬಾಲ ಹಿಡಿದು ಎಳೆದ. ಇನ್ನೂ ಜೋರಾಗಿ ಎಳೆದ. ಅದು ಜಗ್ಗಲಿಲ್ಲ. ಓಬುಳಪತಿಯ ಮುಖ ನೋಡದೆ ಅಂಗಿ ಜೇಬಿಗೆ ಕೈಹಾಕಿ, ಫೈಲಿನ ದಾರ ಕೊಯ್ಯುವ ಬ್ಲೇಡು ತೆಗೆದು, ಮೀನನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಬಾಲವನ್ನು ಕಚಕ್ಕನೆ ಕೊಯ್ದ.

“ಮತ್ತೆ ಕಿತ್ತೋಯ್ತು ನೋಡಣ್ಣಾ,” ಎಂದು ಎರಡು ತುಂಡನ್ನೂ ಚಾಚಿದ. “ಬರೋ ಭಾನುವಾರ ತಂದ್ಕೊಡ್ತೀಯಾ?”

“ಬತ್ತೀನಿ ಕಣಪ್ಪ,” ಎಂದು ಓಬುಳಪತಿ ತುಂಡುಗಳನ್ನು ಕವರಿನಲ್ಲಿ ಸುತ್ತಿಕೊಂಡ.