ಚಿಕ್ಕಮ್ಮ ಗುರುತು ಹಿಡಿದ ಎಂಜಿನ್

ಮೊನ್ನೆ ಮದುವೆಯೊಂದರ ಮೆರವಣಿಗೆಗೆ ಹಳೆಯ ಬಸ್ಸೊಂದನ್ನು ತಂದಿದ್ದರು. ಅದರ ಬಿಸಿ ಎಣ್ಣೆಯ ವಾಸನೆಗೆ ನಾನು ಮತ್ತೆ ಆದೋನಿಯ ಬಸ್ ನಿಲ್ಲುವ ಜಾಗದಲ್ಲಿದ್ದೆ, ಚಿಕ್ಕಮ್ಮನ ಸೆರಗು ಹಿಡಿದುಕೊಂಡು.

ಚಿಕ್ಕಪ್ಪ ಡ್ರೈವರ್ ಆಗಿದ್ದರು. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ನಂದವರದ ದಾರಿಯ ಹಳ್ಳದಲ್ಲಿ ಬಸ್ಸಿನ ಸಮೇತ ಕೊಚ್ಚಿಹೋಗಿದ್ದರು.

ನಂದವರಕ್ಕೆ ಹೊರಟ ಬಸ್ಸು ಹತ್ತಬೇಕೆನ್ನುವಾಗ ಚಿಕ್ಕಮ್ಮ ತಟ್ಟನೆ ನಿಂತಳು.

"ಇದು ಅವರ ಗಾಡಿ."

"ಅಲ್ಲಮ್ಮ, ತಳದ ಚಾಸಿ ಹೊಸಾದು ಐತಿ," ಎಂದರು ಡ್ರೈವರ್ ಸಾಬರು.

"ಚಾಸಿ ನನಗ ತಿಳೀದ್ರಿ. ಎಂಜಿನ್ ಅವರದು. ನಡುನಡುವ ಉಸುರು ನುಂಗತೈತಿ, ಕೇಳ್ರಿ."

ಸಾಬರು ಬಾನೆಟ್ ಎತ್ತಿದರು. ಎಂಜಿನ್ನಿನ ಪಕ್ಕದಲ್ಲಿ ಚಿಕ್ಕಪ್ಪ ಉಳಿಯಿಂದ ಕೊರೆದಿದ್ದ ಲಿಂಗದ ಗುರುತಿತ್ತು. ಅದರ ಗೆರೆಗಳಲ್ಲಿ ಹಳ್ಳದ ಕೆಸರು ಒಣಗಿ ಕೂತಿತ್ತು.

"ನೀರಾಗಿಂದ ತೆಗೆದದ್ದು ಅಂತ ನನಗೂ ಹೇಳಲಿಲ್ಲಮ್ಮ," ಎಂದರು ಸಾಬರು.

ನಂದವರದಲ್ಲಿ ಅಜ್ಜಿಯ ಜೀವ ಹೋಗುವಂತಿತ್ತು. ಬೇರೆ ಬಸ್ಸಿರಲಿಲ್ಲ, ಹತ್ತಿದೆವು.

ಅದೇ ಹಳ್ಳದ ನಡುವೆ ಎಂಜಿನ್ ತಾನಾಗಿ ನಿಂತಿತು. ಸಾಬರು ಇಳಿದು, ಎಂಜಿನ್ ಚಾಲೂ ಮಾಡುವ ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸೋತರು. ಚಿಕ್ಕಮ್ಮ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಒಳಗ ಹುಡುಗಿ ಅದಾಳ್ರಿ. ದಾಟಿಸಿಬಿಡ್ರಿ."

ಸಾಬರ ಕೈ ಹ್ಯಾಂಡಲ್ಲಿಗೆ ತಾಗುವ ಮೊದಲೇ ಎಂಜಿನ್ ಗುರುಗುಟ್ಟಿತು. ಚಿಕ್ಕಮ್ಮ ಒಳಗೆ ಬರಲಿಲ್ಲ. ಆಚೆ ದಡದವರೆಗೂ ಬಾನೆಟ್ಟಿನ ಮೇಲೆ ಕೈಯಿಟ್ಟು, ಬಸ್ಸಿನ ಪಕ್ಕದಲ್ಲೇ ನಡೆದಳು.

ಈಗ ಅಲ್ಲಿ ಸೇತುವೆಯಿದೆ. ದಾಟುವಾಗ ಇವತ್ತಿಗೂ ನಾನು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತೇನೆ.