ಹೊಟ್ಟೆಗೆ ಪೈಪು ಹಾಕಿಸಿಕೊಂಡ ಒಬ್ಬರನ್ನು ಹುಡುಕಿ

ಏಪ್ರಿಲ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಆರೂವರೆಗೆ, ಮಾನ್ವಿಯಲ್ಲಿ ರಾಯಚೂರು ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಓಣಿಯವರೆಲ್ಲ ಗುಡಿ, ದರ್ಗಾ, ತವರುಮನೆ ಎಂದು ತಿರುಗುತ್ತಿದ್ದಾರೆ. ನಾನು ಹೊರಟದ್ದು ಹೊಟ್ಟೆಗೆ ಪೈಪು ಹಾಕಿಸಿಕೊಂಡು ಬದುಕಿರುವ ಒಬ್ಬರನ್ನು ಹುಡುಕಲು. ಗಂಡಸಾದರೂ ಸರಿ, ಹೆಂಗಸಾದರೂ ಸರಿ, ಯಾವ ಜಾತಿಯವರಾದರೂ ಸರಿ. ಬದುಕಿದ್ದರೆ ಸಾಕಿತ್ತು.

ಅವ್ವನಿಗೆ ಅನ್ನನಾಳದ ಕ್ಯಾನ್ಸರ್. ಮಂದಿಯ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು ನನ್ನನ್ನು ಟೀಚರ್ ಮಾಡಿದವಳು, ತಮ್ಮನನ್ನು ಕಚೇರಿಯ ಕುರ್ಚಿಯಲ್ಲಿ ಕೂರಿಸಿದವಳು. ರೊಟ್ಟಿ ಎದೆಯಲ್ಲಿ ನಿಲ್ಲುತ್ತದೆ ಎಂದು ದೀಪಾವಳಿಯ ಹೊತ್ತಿಗೆ ಹೇಳಿದ್ದಳು. ಚಳಿಗಾಲದಲ್ಲಿ ರಾಯಚೂರಿಗೆ ಓಡಾಡಿ ರೇಡಿಯೇಶನ್ ಕೊಡಿಸಿದೆವು. ನಮ್ಮ ಜನ ಅದಕ್ಕೆ 'ಕರೆಂಟ್ ಕೊಡೋದು' ಅನ್ನುತ್ತಾರೆ. ಸ್ವಲ್ಪ ದಿನ ಹಗುರಾಯಿತು, ಮತ್ತೆ ಗಂಟಲು ಮುಚ್ಚಿತು. ಈಗ ಮಜ್ಜಿಗೆಯೂ ಅರ್ಧ ಹೊರಗೆ ಬರುತ್ತದೆ. "ಗುರುವಾರ ಕರೆದುಕೊಂಡು ಬನ್ನಿ, ಹೊಟ್ಟೆಗೆ ಪೈಪು ಇಡೋಣ. ಇನ್ನೂ ಸೊರಗಿದರೆ ಅದನ್ನು ತಡೆಯುವ ಶಕ್ತಿಯೂ ಉಳಿಯುವುದಿಲ್ಲ" ಎಂದರು ಡಾಕ್ಟರು. ಅವ್ವ ಒಪ್ಪಲಿಲ್ಲ.

"ಹಂಗ ಪೈಪಿನಾಗ ಉಂಡು ಬದುಕಿದಾವ್ರನ್ನ ಒಬ್ಬರನ್ನ ತೋರ್ಸು. ನಾ ಅವ್ರ ಜೋಡಿ ಮಾತಾಡ್ತೀನಿ. ಆಮ್ಯಾಲ ಎಲ್ಲಿ ಬೇಕಾದ್ರೂ ಕೊಯ್ರಿ. ಇಲ್ಲಾಂದ್ರ ನನ್ನ ಹೊಟ್ಟಿ ಮುಟ್ಟಬ್ಯಾಡ್ರಿ" ಎಂದಳು.

ಡಾಕ್ಟರ ಮಾತು ಅವಳಿಗೆ ಬೇಕಿರಲಿಲ್ಲ. ಅವರೇನು ಪೈಪು ಹಾಕಿಸಿಕೊಂಡಿದ್ದಾರೆಯೇ ಎಂಬುದು ಅವಳ ಪ್ರಶ್ನೆ.

ಒಬ್ಬರನ್ನು ತೋರಿಸುವುದು ಕಷ್ಟವಾಗಬಾರದಿತ್ತು. ಆಸ್ಪತ್ರೆಯ ಬೆಂಚುಗಳ ಮೇಲೆ ನಮ್ಮ ಸುತ್ತಲಿನ ಊರಿನವರನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಊರಿಗೆ ಮರಳಿದ ಮೇಲೆ ಯಾರಿಗೂ ಕ್ಯಾನ್ಸರ್ ಇರುವುದಿಲ್ಲ. ಅಲ್ಸರ್ ಇರುತ್ತದೆ, ಗ್ಯಾಸ್ ಇರುತ್ತದೆ, ಉಷ್ಣ ಆಗಿರುತ್ತದೆ. ನಮ್ಮ ಮನೆಯದೂ ಅದೇ ಹಾಡು. ತಮ್ಮನ ಮಗಳಿಗೆ ವರ ಗೊತ್ತಾಗುವುದರಲ್ಲಿತ್ತು. ಮನೆತನದಲ್ಲಿ ಈ ರೋಗ ಇದೆ ಎಂದರೆ ಬೀಗರು ಹಿಂದೆ ಸರಿಯುತ್ತಾರೆಂದು ತಮ್ಮ ಮೊದಲ ದಿನವೇ ಅದನ್ನು ಅಲ್ಸರ್ ಮಾಡಿದ. ನಾನೂ ಹೂಂ ಅಂದೆ. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಶಾಲೆಯಲ್ಲಿ ಪಾಠ ಹೇಳುವವಳೂ ನಾನೇ.

ರೋಗಿಯನ್ನು ಮಾತಾಡಿಸಲು ಬರುವುದು ನಮ್ಮಲ್ಲಿ ತಪ್ಪಿಸುವಂತಿಲ್ಲದ ಪದ್ಧತಿ. ಹಿರೇಕೊಟ್ನೆಕಲ್ಲಿನಿಂದ, ಕುರ್ಡಿಯಿಂದ ಟಂಟಂ ಗಾಡಿ ಮಾಡಿಕೊಂಡು ನೆಂಟರು ಬಂದರು. ಎಲ್ಲರ ಕೈಯಲ್ಲೂ ಬ್ರೆಡ್ಡು, ಬಾಳೆಹಣ್ಣು. ನುಂಗಲು ಬಾರದವಳ ಮುಂದೆ ಬಾಳೆಹಣ್ಣು ಗೊನೆಗಟ್ಟಲೆ ಕಪ್ಪಾದವು. ಖಾರ ಬಿಡು ಎಂದು ಬುದ್ಧಿ ಹೇಳಿ, ಚಹಾ ಕುಡಿದು ಹೋದವರಲ್ಲಿ ಎರಡನೇ ಸಲ ಯಾರೂ ಬರಲಿಲ್ಲ. ಅವರನ್ನು ಬೈದು ಏನು ಫಲ? ಅಲ್ಸರಿಗೆ ಯಾರು ಎರಡು ಸಲ ಬರುತ್ತಾರೆ.

ರಾಯಚೂರು ಮುಟ್ಟಿದಾಗ ಎಂಟು ದಾಟಿತ್ತು. ಅಷ್ಟಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಬಸ್ ನಿಲ್ದಾಣದ ಹೊರಗೆ ಒಂದು ತಟ್ಟೆ ಮಂಡಾಳು ಒಗ್ಗರಣೆ, ಎರಡು ಮಿರ್ಚಿ ತಿಂದೆ. ಅವ್ವ ಹಾಸಿಗೆ ಹಿಡಿದ ಮೇಲೆ ಊಟ ಮಾಡುವಾಗಲೆಲ್ಲ ನಾನು ನುಂಗುವ ಸದ್ದು ನನಗೇ ಕೇಳಿಸುತ್ತದೆ. ಆದರೂ ತಿಂದೆ, ಹಸಿವಾಗಿತ್ತು.

ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ನನ್ನ ಗುರುತಿನವರು. ಪೈಪು ಹಾಕಿಸಿಕೊಂಡವರ ಒಂದು ಹೆಸರು ಕೊಡಿ ಎಂದೆ. "ಹೆಸರು ಹೇಳಾಕ ಬರಂಗಿಲ್ರಿ ಟೀಚರ್. ನಿಮ್ಮವ್ವನ ಹೆಸರು ನಾ ಮಂದಿ ಮುಂದ ಹೇಳಿದ್ರ ನೀವು ಸುಮ್ನಿರ್ತಿದ್ರೇನು?" ಎಂದರು. ಅವರು ಹೇಳಿದ್ದು ಸರಿ. ಸರಿಯಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಎರಡು ರಸ್ತೆ ಆಚೆ, ಇಂಥ ಕಾಯಿಲೆಯವರ ಕುಟುಂಬಗಳಿಗೆ ನೆರವು ಕೊಡುವುದಾಗಿ ಬರೆದ ಫಲಕವೊಂದಿತ್ತು. ಫಲಕದಲ್ಲಿ ನೆರವಿಗಿಂತ ದಾನಿಗಳ ಹೆಸರೇ ದೊಡ್ಡದಾಗಿತ್ತು. ಬಾಗಿಲಿಗೆ ಬೀಗ. ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಕೇಳಿದರೆ, "ಉದ್ಘಾಟನಿ ದಿನ ತೆಗೆದಿದ್ರು ನೋಡ್ರಿ" ಅಂದ.

ಕೊನೆಗೆ ದಾರಿ ತೋರಿಸಿದವರು ಆಸ್ಪತ್ರೆ ಎದುರಿನ ಮೆಡಿಕಲ್ ಅಂಗಡಿಯ ಸಾಹೇಬರು, ಬಿಳಿ ಗಡ್ಡದ ಹಿರಿಯರು. ಪೈಪಿನಲ್ಲಿ ಗಂಜಿ ಬಿಡಲು ಸೂಜಿಯಿಲ್ಲದ ದೊಡ್ಡ ಸಿರಿಂಜು ಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಒಯ್ಯುವವರು ಇವರ ಹತ್ತಿರವೇ ಬರಬೇಕು. ಅವರು ಮೊದಲು ತಲೆ ಅಲ್ಲಾಡಿಸಿದರು. ಗುರುವಾರದ ಮಾತು ಹೇಳಿದ ಮೇಲೆ ಬಹಳ ಹೊತ್ತು ಕೌಂಟರ್ ಒರೆಸಿದರು.

"ನಾ ಹೇಳೀನಂತ ಬಿಲ್ಕುಲ್ ಹೇಳಬ್ಯಾಡ್ರಿ ಮೇಡಂ. ಗಬ್ಬೂರಾಗ ಒಬ್ರು ಅದಾರ, ದೊಡ್ಡ ಮನಿಯವ್ರು. ಇನ್ನೊಬ್ಬವ ದೇವದುರ್ಗದ ಟೇಲರ್ ಈರಣ್ಣ, ಬಸ್ ಸ್ಟ್ಯಾಂಡ್ ಹಿಂದ. ಅವ್ರಪ್ಪನ ಸಲುವಾಗಿ ಒಯ್ತಿದ್ದ. ಈಗ ಸ್ವಲ್ಪ ದಿನದಿಂದ ಬಂದಿಲ್ಲ."

ಗಬ್ಬೂರಿಗೆ ಒಂದು ತಾಸಿನ ದಾರಿ, ಮತ್ತೆ ಸೊನ್ನೆ ಟಿಕೆಟ್. ಹಳೆಯ ಗುಡಿಗಳ ಊರು, ನೋಡುವಂಥದ್ದು ಬಹಳ ಇದೆ ಎನ್ನುತ್ತಾರೆ. ನಾನು ನೋಡಿದ್ದು ಒಂದು ತಲಬಾಗಿಲನ್ನು ಮಾತ್ರ. ಸೊಸೆ ಹೊರಗೆ ಬಂದಳು. ಮಾನ್ವಿಯಿಂದ ಬಂದೆ ಎಂದೊಡನೆ "ಯಾರ ಪೈಕಿ?" ಎಂದು ಕೇಳಿದಳು. ಹೇಳಿದೆ. ಆಮೇಲೆ ನೀರು ಬಂತು, ಪ್ಲಾಸ್ಟಿಕ್ ಲೋಟದಲ್ಲಿ, ಕಟ್ಟೆಯ ಮೇಲೆ. ಕುಡಿಯಲಿಲ್ಲ. ಬಂದ ಕೆಲಸ ಹೇಳಿದೆ.

"ಯಾರ್ ಹೇಳಿದ್ರಿ ನಿಮಗ? ನಮ್ಮ ಮಾವಗ ಹಂತಾದ್ದೇನೂ ಇಲ್ಲ. ಅಲ್ಸರ್ ಅದ ಅಷ್ಟ."

ಅವಳ ಹಿಂದೆ ಕಿಟಕಿಯ ಕಟ್ಟೆಯ ಮೇಲೆ, ತೊಳೆದ ದೊಡ್ಡ ಸಿರಿಂಜೊಂದನ್ನು ಸ್ಟೀಲ್ ಲೋಟದಲ್ಲಿ ಬೋರಲು ಹಾಕಿ ಒಣಗಲು ಇಟ್ಟಿದ್ದರು. ನಾನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು. ಒಳಗೆ ಯಾರೋ ಮುದುಕರು ಕೆಮ್ಮಿದರು. "ಒಂದೇ ಮಾತು ಅವರ ಹತ್ರ ಕೇಳಿ ಹೋಗ್ತೀನವ್ವ, ನನ್ನ ತಾಯಿ ಉಪವಾಸ ಅದಾಳ" ಎಂದೆ. "ಬಿಸಲಾಗ ನಿಂದ್ರಬ್ಯಾಡ್ರಿ, ಹೋಗ್ರಿ" ಎಂದು ಬಾಗಿಲು ಮುಂದೆ ಮಾಡಿದಳು. ಊರ ಅಗಸಿ ಬಾಗಿಲಿನವರೆಗೂ ಅವಳನ್ನು ಬೈಯುತ್ತ ನಡೆದೆ. ಎಂಥ ಜನ, ಒಬ್ಬರ ಜೀವ ಹೋಗುತ್ತಿರುವಾಗ ಒಂದು ಮಾತು ದಾನ ಮಾಡಲಾರದವರು ಎಂದುಕೊಂಡೆ.

ದೇವದುರ್ಗದಲ್ಲಿ ಇಳಿದಾಗ ಒಂದೂವರೆ. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಈರಣ್ಣನ ಅಂಗಡಿ ಸುಲಭವಾಗಿ ಸಿಕ್ಕಿತು. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ. ಗಬ್ಬೂರಿನ ಪೆಟ್ಟು ಹಸಿಯಾಗಿದ್ದರಿಂದ ಈ ಸಲ ಸುತ್ತಿ ಬಳಸಿ ಮಾತಾಡಲಿಲ್ಲ.

"ನಿಮ್ಮ ತಂದೀನ ಮಾತಾಡ್ಸಬೇಕಿತ್ರಿ. ನಾ ಮಾನ್ವಿಯಿಂದ ಬಂದೀನಿ. ನಮ್ಮವ್ವಗ ಕ್ಯಾನ್ಸರ್ ಅದ."

ಆಸ್ಪತ್ರೆಯ ಹೊರಗೆ, ಹೊರಗಿನವರೊಬ್ಬರ ಮುಂದೆ ಆ ಶಬ್ದವನ್ನು ನಾನು ಆಡಿದ್ದು ಅದೇ ಮೊದಲು. ಅವನು ಮಷಿನ್ ನಿಲ್ಲಿಸಿ ನನ್ನನ್ನು ನೋಡಿದ.

"ಅವತ್ತು ಅಲ್ಸರ್ ಅಂದಿದ್ರಲ್ರಿ, ಟೀಚರ್?"

ನನಗೆ ತಕ್ಷಣ ನೆನಪಾಗಲಿಲ್ಲ. ಅವನೇ ಹೇಳಿದ. ಸಿಟ್ಟಿನಿಂದಲ್ಲ, ಅಳತೆ ಹೇಳುವವನಂತೆ ಹೇಳಿದ.

"ಶಿವರಾತ್ರಿ ಮುಂದ ನಿಮ್ಮ ಮನಿಗಿ ಬಂದಿದ್ನಿ. ನಮ್ಮಪ್ಪ ಕರೆಂಟಿಗಿ ಅಂಜಿದ್ದ, ಒಳಗ ಸುಟ್ಟು ಕರಕಾಗ್ತೀನಿ ಅಂತಿದ್ದ. ಕರೆಂಟ್ ತಗೊಂಡಾವ್ರು ಯಾರರೆ ಒಬ್ರು ಬಾಯಿಬಿಟ್ಟು ಹೇಳಿದ್ರ ಹೋಗ್ತೀನಿ ಅಂದ. ನಿಮ್ಮವ್ವನ್ನ ನಾ ಆಸ್ಪತ್ರ್ಯಾಗ ನೋಡಿದ್ನಿ. ಮಾನ್ವಿ ಟೀಚರ್ ತಾಯಿ ಅಂತ ಅಲ್ಲಿ ಕುಂತಾವ್ರು ಹೇಳಿದ್ರು. ಎರಡು ಬಸ್ ಬದ್ಲಿ ಮಾಡಿ ಬಂದ್ನಿ. ಇಲ್ಲಿ ಹಂತಾ ರೋಗ ಯಾರಿಗೂ ಇಲ್ಲ, ಅಲ್ಸರ್ ಅಷ್ಟ ಅಂದ್ರಿ. ಒಳಗ ಸೈತ ಕರೀಲಿಲ್ಲ."

ಆಗ ನೆನಪಾಯಿತು. ಆ ದಿನ ಸಂಜೆ ಬೀಗರಾಗುವವರು ಬರುವವರಿದ್ದರು. ಅರ್ಧ ಬಾಗಿಲು ತೆರೆದು ಯಾರೋ ಒಬ್ಬನಿಗೆ ಏನೋ ಹೇಳಿ ಕಳಿಸಿದ್ದೆ. ಅವನ ಮುಖ ನೋಡಿರಲಿಲ್ಲ, ಓಣಿಯಲ್ಲಿ ಯಾರಾದರೂ ಕೇಳಿಸಿಕೊಂಡರೇ ಎಂದು ಅತ್ತಿತ್ತ ನೋಡಿದ್ದೆ. ಅವ್ವ ಒಳಗೆ ಎಚ್ಚರವಾಗಿದ್ದಳು. ಕರೆದಿದ್ದರೆ ಎಲ್ಲ ಹೇಳುತ್ತಿದ್ದಳು, ಹೇಳುವುದರಲ್ಲಿ ಅವಳು ಜಿಪುಣಿಯಲ್ಲ.

"ಆಮ್ಯಾಲ ಕರೆಂಟ್ ಕೊಡಿಸಲಿಲ್ಲೇನು?" ಎಂದೆ.

"ಅವ ಹೋಗಲೇ ಇಲ್ಲ. ಕೈಕಾಲು ಹಿಡಿದು ಪೈಪ್ ಒಂದು ಹಾಕಿಸಿದ್ವಿ. ಯುಗಾದಿ ಆದ ಮೂರನೇ ದಿನ ತೀರಿಕೊಂಡ."

ಕರೆಂಟು ತೆಗೆದುಕೊಂಡಿದ್ದರೆ ಆ ಮನುಷ್ಯ ಉಳಿಯುತ್ತಿದ್ದನೋ ಇಲ್ಲವೋ, ಯಾವ ಡಾಕ್ಟರೂ ಹೇಳಲಾರರು. ಆ ಮಾತಿನ ಮರೆಯಲ್ಲಿ ನಿಲ್ಲಲು ನೋಡಿದೆ, ಆಗಲಿಲ್ಲ. ಗಬ್ಬೂರಿನ ಸೊಸೆಯನ್ನು ಬೈದ ಒಂದೊಂದು ಮಾತೂ ನನ್ನ ಮುಖಕ್ಕೇ ಬಂದು ಬಿತ್ತು. ತಿರುಗಿ ಹೊರಟೆ.

"ಒಳಗ ಬಂದು ಕುಂದರ್ರಿ" ಎಂದ ಈರಣ್ಣ. "ಕೇಳಾಕ ಬಂದೀರಿ, ಕೇಳಿ ಹೋಗ್ರಿ."

ಅವನು ಹೇಳಿದ್ದನ್ನೆಲ್ಲ ಟಿಕೆಟ್ ಹಿಂದೆ, ಅದು ಸಾಲದೆ ಅವನೇ ಕೊಟ್ಟ ಬಿಲ್ ಹಾಳೆಯ ಹಿಂದೆ ಬರೆದುಕೊಂಡೆ. ಗಂಜಿಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಒಂದು ಅಗುಳು ಸಿಕ್ಕಿಕೊಂಡರೂ ರಾಯಚೂರಿಗೆ ಓಡಬೇಕಾಗುತ್ತದೆ. ಪ್ರತಿ ಸಲ ಕೊನೆಗೆ ನೀರು ಬಿಟ್ಟು ಪೈಪು ತೊಳೆಯಬೇಕು. ಉಂಡ ಮೇಲೆ ಕೂಡಲೇ ಮಲಗಿಸಬಾರದು. ಪೈಪು ಜಗ್ಗದಂತೆ ಅಪ್ಪನ ಬನಿಯನ್ನಿಗೆ ಒಳಗೊಂದು ಜೇಬು ಹೊಲಿದಿದ್ದನಂತೆ. ಆಸ್ಪತ್ರೆಯ ಕಾಗದದಲ್ಲಿ ಇದ್ಯಾವುದೂ ಇಷ್ಟು ತಿಳಿಯುವ ಹಾಗೆ ಇರಲಿಲ್ಲ.

ನಾಚಿಕೆ ಬಿಟ್ಟು, ಇದನ್ನು ಅವ್ವನಿಗೆ ನಿಮ್ಮ ಬಾಯಿಂದಲೇ ಹೇಳಿ ಎಂದು ಕೇಳಿದೆ. ಮನೆಗೆ ಫೋನ್ ಹಚ್ಚಿ, ದೇವದುರ್ಗದಲ್ಲಿ ಪೈಪು ಹಾಕಿಸಿಕೊಂಡವರ ಮಗ ಸಿಕ್ಕಿದ್ದಾನೆ ಎಂದು ಹೇಳಿ ಅವನ ಕೈಗೆ ಕೊಟ್ಟೆ. ಅವ್ವನ ದನಿ ಸ್ಪೀಕರಿನಲ್ಲಿ ಒಣಗಿ ಬಂತು.

"ಯಪ್ಪಾ, ನಿಮ್ಮಪ್ಪಗ ಪೈಪ್ ಹಾಕ್ಯಾರೇನು? ನೋವಾಗ್ತದೇನು?"

"ನಾಕು ದಿನ ಆಗ್ತದವ್ವ. ಆಮ್ಯಾಲ ಕಡಿಮಿ ಆಗ್ತದ."

"ಹೊಟ್ಟಿ ತುಂಬಿದ್ದು ತಿಳೀತದೇನು?"

"ತಿಳೀತದ. ಬಾಯಿಗಿ ರುಚಿ ಹತ್ತಂಗಿಲ್ಲ, ಅದೊಂದು. ಹಸಿವಿನ ಸಂಕಟ ಮಾತ್ರ ಹೋಗ್ತದ."

ಅವ್ವ ಉಸಿರು ಎಳೆದುಕೊಂಡಳು. "ಈಗ ಹ್ಯಾಂಗದಾರ ನಿಮ್ಮಪ್ಪ?"

ಈರಣ್ಣ ನನ್ನನ್ನು ನೋಡಿದ. ಫೋನು ಕಸಿದುಕೊಂಡು ನಿಜ ಹೇಳಲು ನನಗೆ ಸಮಯವಿತ್ತು. ನಾನು ನೆಲ ನೋಡಿದೆ.

"ಚೊಲೊ ಅದಾರವ್ವ. ಈಗರೆ ಗಂಜಿ ಹಾಕಿ ಬಂದೀನಿ. ಕಟ್ಟಿ ಮ್ಯಾಲ ಬೇವಿನ ನೆಳ್ಳಾಗ ಕುಂತಾರ" ಎಂದ.

ಫೋನನ್ನು ಅಂಗಿಯ ತುದಿಯಿಂದ ಒರೆಸಿ ವಾಪಸು ಕೊಟ್ಟ. ನಾನು ಕೈಮುಗಿದು ತಪ್ಪಾಯಿತು ಎಂದೆ. "ನಿಮ್ಮ ಸಲುವಾಗಿ ಹೇಳಿಲ್ರಿ ನಾ. ಆ ತಾಯಿ ಸಲುವಾಗಿ ಹೇಳೀನಿ" ಎಂದವನು ಮತ್ತೆ ಮಷಿನ್ ತುಳಿಯತೊಡಗಿದ. ಸಿರವಾರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ನಾನು ಬೇರೆಯವರನ್ನು ಕೇಳಬೇಕಾಯಿತು.

ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಗೆ ಬಂದೆ. ಕಾಲುವೆ ಕಡೆಯ ಎರಡನೇ ಬೆಳೆ ಕೊಯ್ಲಾಗುತ್ತಿತ್ತು. ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿದ್ದರಿಂದ ಬಸ್ಸು ಮೆಲ್ಲಗೆ ತೆವಳಿತು. ಆ ದಿನ ನಾನು ಸುತ್ತಿದ್ದು ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಒಳಗೆ ಬನ್ನಿ, ಕುಳಿತುಕೊಳ್ಳಿ ಎಂದ ಒಬ್ಬನೇ ಒಬ್ಬ, ನಾನು ಹೊರಗಿನಿಂದಲೇ ಕಳಿಸಿದ್ದವನು.

ಮನೆಯ ಬಾಗಿಲಲ್ಲೇ ತಮ್ಮ ತಡೆದ. "ದೇವದುರ್ಗದಾಗ ಬೀಗರ ಮಂದಿ ಅದಾರ, ಗೊತ್ತಿಲ್ಲೇನಕ್ಕ ನಿನಗ? ಯಾರ್ಯಾರ ಮುಂದ ಹೇಳಿ ಬಂದಿ?" ಎಂದ. ಎಲ್ಲರ ಮುಂದೆ ಎಂದು ಅವನನ್ನು ದಾಟಿ ಒಳಗೆ ಹೋದೆ.

ಅವ್ವ ತಲೆ ಬಾಚಿಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಎಷ್ಟೋ ದಿನದ ಮೇಲೆ ಮುಖದಲ್ಲಿ ಗೆಲುವಿತ್ತು. ಆಸ್ಪತ್ರೆಗೆ ಒಯ್ಯುವ ಎರಡು ಸೀರೆಗಳನ್ನು ತಾನೇ ಆರಿಸಿ ಚೀಲದ ಮೇಲೆ ಇಟ್ಟಿದ್ದಳು.

"ಗುರುವಾರ ಹೋಗೂಣು ಬೇ" ಎಂದಳು. "ಪೈಪ್ ಹಾಕಿಸ್ಕೊಂಡು ಬಂದ ಮ್ಯಾಲ ನನ್ನ ದೇವದುರ್ಗಕ್ಕ ಕರ್ಕೊಂಡು ಹೋಗು. ಆ ಹಿರೇ ಮನುಷ್ಯಾನ ಬಾಜೂಕ ಒಂದೀಟು ಕುಂತು ಬರ್ತೀನಿ. ಏನಂತ ಅವರ ಹೆಸರು?"

ಮಗನ ಎದುರು ಅಷ್ಟು ಹೊತ್ತು ಕುಳಿತಿದ್ದೆ, ಆ ತಂದೆಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹೊಳೆದ ಒಂದು ಹೆಸರು ಹೇಳಿದೆ.